ಅಡುಗೆಮನೆಗೆ ಹೋಗುತ್ತಿದ್ದ ಮಂಚ

ಗಾಳಿ ಸೋಕಿತು, ಸತ್ತವರು ಕನಸಿನಲ್ಲಿ ಬಂದು ಹೇಳಿದರು, ದೇವರ ಬಲಗಡೆಯಿಂದ ಹೂವು ಬಿತ್ತು ಅಂತ ಯಾರಾದರೂ ಶುರು ಮಾಡಿದರೆ ನಾನು ಎದ್ದು ಹೋಗಿ ಪಾತ್ರೆ ತೊಳೆಯುವವಳು. ನನ್ನ ಗಂಡ ತೀರಿಕೊಂಡಾಗ ಪಿಂಡವನ್ನು ಕಾಗೆ ಮುಟ್ಟಲಿಲ್ಲ. ಬಂದವರೆಲ್ಲ ನನ್ನ ಮುಖ ನೋಡಿ, ಏನೋ ಆಸೆ ಉಳಿದಿದೆ, ನೀನು ಮಾತು ಕೊಡಮ್ಮ ಅಂದರು. ಬೀದಿ ಕೊನೆಯಲ್ಲಿ ಮಟನ್ ಅಂಗಡಿ ಇದೆ, ಕಾಗೆಗಳೆಲ್ಲ ಅಲ್ಲಿವೆ, ಬರೀ ಅನ್ನಕ್ಕೆ ಯಾಕೆ ಬರುತ್ತವೆ ಅಂದೆ. ಅವತ್ತಿನಿಂದ ನಮ್ಮ ಕಡೆಯವರು ನನ್ನನ್ನು ಕಲ್ಲು ಅನ್ನುತ್ತಾರೆ. ಅಂದುಕೊಳ್ಳಲಿ.

ಇಂಥವಳು ಬರೆಯುತ್ತಿರುವುದನ್ನು ನೀವು ನಂಬಲೇಬೇಕು ಅಂತೇನಿಲ್ಲ. ಕಣ್ಣಾರೆ ಕಂಡ ನಾನೇ ಮೂರು ವರ್ಷದಿಂದ ಒಂದು ದಿನ ನಂಬುತ್ತೇನೆ, ಒಂದು ದಿನ ಬಿಡುತ್ತೇನೆ. ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ನಾನು ಓದಿದ್ದು ನಾಲ್ಕನೇ ಕ್ಲಾಸು, ಬಂಗಾರಪೇಟೆ ಕಡೆಯ ಒಂದು ಹಳ್ಳಿಯಲ್ಲಿ. ಕಾಗುಣಿತ ತಪ್ಪಿದ್ದರೆ ಪತ್ರಿಕೆಯವರು ತಿದ್ದಿಕೊಳ್ಳಲಿ. ಮದುವೆಯಾಗಿ ಮದ್ರಾಸಿಗೆ ಬಂದು ಐವತ್ತು ವರ್ಷದ ಮೇಲಾಯಿತು. ಗಂಡ ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದರು. ಈಗ ಪಲ್ಲಾವರಂನಲ್ಲಿ ಬಾಡಿಗೆ ಮನೆ. ಮಗ ಇನ್ಶೂರೆನ್ಸ್ ಆಫೀಸಿಗೆ ಹೋಗುತ್ತಾನೆ, ಸೊಸೆ ಪೆರುಂಗುಡಿಗೆ ಕೆಲಸಕ್ಕೆ ಹೋಗುತ್ತಾಳೆ, ಮೊಮ್ಮಗಳು ಮೇಘನಾ ಸ್ಕೂಲಿಗೆ. ಮೂವರಿಗೂ ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ. ಮೇಘನಾಳನ್ನು ನಾನು ಕನ್ನಡದಲ್ಲಿ ಬೈದರೆ ತಮಿಳಿನಲ್ಲಿ ಉತ್ತರ ಬರುತ್ತದೆ. ಇದನ್ನು ಬರೆದು ಊಟದ ಮೇಜಿನ ಮೇಲಿಟ್ಟರೂ ಮನೆಯಲ್ಲಿ ಓದುವವರಿಲ್ಲ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಮೇಘನಾಳ ಹದಿನಾಲ್ಕನೇ ಹುಟ್ಟುಹಬ್ಬಕ್ಕೆ ಅವಳ ಸ್ನೇಹಿತೆಯರು ಒಂದು ದೊಡ್ಡ ಪೆಟ್ಟಿಗೆ ಕೊಟ್ಟರು. ಒಳಗೆ ಗೊಂಬೆಮನೆ ಕಟ್ಟುವ ಸಾಮಾನು. ತೆಳು ಮರದ ಹಲಗೆಯಲ್ಲಿ ಗೋಡೆ, ಕಿಟಕಿ, ಕುರ್ಚಿಯ ಕಾಲು ಎಲ್ಲ ಕತ್ತರಿಸಿ ನಂಬರ್ ಹಾಕಿರುತ್ತಾರೆ. ಅದನ್ನು ಬಿಡಿಸಿ, ಅಂಚು ಉಜ್ಜಿ, ಅಂಟಿಸಿ, ಬಣ್ಣ ಹಚ್ಚಬೇಕು. ಚಿಮಟ, ಅಂಟಿನ ಟ್ಯೂಬು, ಸಾಸಿವೆ ಕಾಳಿನಷ್ಟು ಲೈಟು, ಅದಕ್ಕೆ ವೈರು, ಎಲ್ಲ ಅದರಲ್ಲೇ ಇತ್ತು. ಹುಡುಗಿ ಮೂರು ದಿನ ಕೂತಳು. ಒಂದು ಪುಸ್ತಕದ ಕಪಾಟು ಮಾಡುವಷ್ಟರಲ್ಲಿ ಕುತ್ತಿಗೆ ನೋವು ಅಂತ ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿದಳು. ಗುಡಿಸುವಾಗ ಪೊರಕೆಗೆ ಸಿಕ್ಕಿದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಅರ್ಧಕ್ಕೆ ಬಿಟ್ಟ ಕೆಲಸ ಕಂಡರೆ ನನಗಾಗದು. ಒಂದು ಮಧ್ಯಾಹ್ನ ಪೆಟ್ಟಿಗೆ ಎಳೆದುಕೊಂಡು ನಾನೇ ಕೂತೆ.

ನಾನು ಮೂವತ್ತು ವರ್ಷ ದರ್ಜಿ ಅಂಗಡಿಗೆ ರವಿಕೆಗೆ ಹುಕ್ಕು ಹಾಕಿ, ಕಾಜ ಕಟ್ಟಿ, ಸೀರೆಗೆ ಫಾಲ್ಸ್ ಹೊಲಿದವಳು. ಕಣ್ಣು ಆಪರೇಷನ್ ಆದ ಮೇಲೆ ನೋಟ ಚೆನ್ನಾಗಿದೆ, ಬೆರಳು ನಡುಗುವುದಿಲ್ಲ. ಕಾಗದದಲ್ಲಿದ್ದ ಇಂಗ್ಲಿಷ್ ನನಗೆ ಓದಲು ಬರದಿದ್ದರೂ ಚಿತ್ರ ನೋಡಿ ಒಂದೂವರೆ ತಿಂಗಳಿಗೆ ಮುಗಿಸಿದೆ. ಯಾರೋ ಬಿಳಿಯರ ಮನೆ. ಗೋಡೆಯೊಳಗೆ ಸೌದೆ ಒಲೆ, ಕಿಟಕಿಗೆ ಲೇಸು. ಮಗ ಅದನ್ನು ಟಿವಿ ಪಕ್ಕದಲ್ಲಿಟ್ಟ. ಸೊಸೆ ತಾನಾಗಿಯೇ ಇನ್ನೊಂದು ಪೆಟ್ಟಿಗೆ ತರಿಸಿಕೊಟ್ಟಳು. ನಾನು ಸೀರಿಯಲ್ ಬಿಟ್ಟಿದ್ದರಿಂದ ರಿಮೋಟ್ ಅವಳ ಕೈಗೆ ಸಿಕ್ಕಿತ್ತು, ಅದಕ್ಕೆ.

ಎರಡನೇ ಪೆಟ್ಟಿಗೆಯ ಚಿತ್ರವೂ ಅಂಥದ್ದೇ. ನನಗೆ ಬೇಡವಾಯಿತು. ಗುರುತಿಲ್ಲದವರ ಮನೆ ಎಷ್ಟು ಅಂತ ಕಟ್ಟುವುದು? ಹಲಗೆ ಅವರದೇ ಇರಲಿ, ಮನೆ ನನಗೆ ಗೊತ್ತಿರುವುದು ಕಟ್ಟೋಣ ಅಂದುಕೊಂಡೆ. ಎಣ್ಣೂರಿನಲ್ಲಿರುವ ನನ್ನ ತಂಗಿ ನಾಗುವಿನ ಮನೆ ಕಟ್ಟಲು ಶುರು ಮಾಡಿದೆ.

ನಾಗು ನನಗಿಂತ ಎರಡು ವರ್ಷಕ್ಕೆ ಚಿಕ್ಕವಳು. ಅವಳ ಗಂಡ ಎಣ್ಣೂರಿನ ಕರೆಂಟ್ ತಯಾರಿಸುವ ಸ್ಥಾವರದಲ್ಲಿದ್ದ, ಈಗ ಅವನಿಲ್ಲ. ಸಂಬಂಧ ತಂದಿದ್ದು ನನ್ನ ಗಂಡನೇ. ನಾವು ಜೀವನವಿಡೀ ಕ್ವಾರ್ಟರ್ಸು, ಬಾಡಿಗೆ ಮನೆ ಅಂತ ಕಳೆದೆವು. ಅವರು ಸ್ವಂತ ಮನೆ ಕಟ್ಟಿದರು. ಕಟ್ಟುವಾಗ ಅವಳ ಗಂಡನಿಗೆ ಶಿಫ್ಟು, ಅವಳಿಗೆ ಕೈಗೂಸು. ದಿನಾ ಹೋಗಿ ಗೋಡೆಗೆ ನೀರು ಹಾಕಿದವಳು ನಾನು. ಆ ಮನೆಯ ಮೇಲೆ ನನಗೆ ಹೊಟ್ಟೆಕಿಚ್ಚು ಇತ್ತು, ಸುಳ್ಳು ಯಾಕೆ ಹೇಳಲಿ. ಅದಕ್ಕೇ ಇರಬೇಕು, ಅದರ ಒಂದೊಂದು ಮೂಲೆಯೂ ನನಗೆ ಕಣ್ಣು ಮುಚ್ಚಿದರೂ ಕಾಣುತ್ತದೆ. ಮುಂದೆ ಹಾಲು, ಪಕ್ಕದಲ್ಲಿ ಮಗ ಸೊಸೆಯ ರೂಮು, ಅದರ ಹಿಂದೆ ನಾಗುವಿನ ಚಿಕ್ಕ ರೂಮು, ಆಮೇಲೆ ಅಡುಗೆಮನೆ. ಅಡುಗೆಮನೆಯ ಹಿಂದೆ ತಗಡಿನ ಶೀಟ್ ಇಳಿಸಿದ ಜಾಗ, ಅಲ್ಲಿ ಒಗೆಯುವ ಕಲ್ಲು, ಬಾತ್‌ರೂಮು.

ಆ ವರ್ಷ ಸಂಕ್ರಾಂತಿ ಆದ ಮೇಲೆ ನಾಗುವಿಗೆ ಎಡಗಡೆ ಕೈಕಾಲು ಬಿದ್ದುಹೋಗಿತ್ತು. ಆಸ್ಪತ್ರೆಗೆ ಹೋಗಿ ನೋಡಿಕೊಂಡು ಬಂದೆ. ಮನೆಗೆ ಕರೆತಂದ ಮೇಲೆ ಹೋಗಿರಲಿಲ್ಲ. ಪಲ್ಲಾವರಂನಿಂದ ಎಣ್ಣೂರಿಗೆ ಊರಿನ ಈ ತುದಿಯಿಂದ ಆ ತುದಿ, ಎರಡು ರೈಲು ಬದಲಾಯಿಸಿ ಆಟೋ ಹಿಡಿಯಬೇಕು, ನನ್ನ ಮಂಡಿ ಕೇಳುವುದಿಲ್ಲ. ಇದು ನಾನು ಎಲ್ಲರಿಗೂ ಹೇಳುತ್ತಿದ್ದ ಕಾರಣ. ಹೋಗಬಹುದಿತ್ತು, ಹೋಗಲಿಲ್ಲ. ಭಾನುವಾರ ಭಾನುವಾರ ಫೋನ್ ಮಾಡುತ್ತಿದ್ದೆ. ಮನೆಯಲ್ಲಿ ಓಡಾಡಲಾಗದೆ ಬಿದ್ದಿರುವವಳಿಗೆ ಅವಳ ಮನೆಯನ್ನೇ ಮಾಡಿಕೊಟ್ಟರೆ ನೋಡಿ ನಗುತ್ತಾಳೆ ಅನ್ನುವುದೂ ನನ್ನ ಮನಸ್ಸಿನಲ್ಲಿತ್ತು.

ಎರಡು ಮೊರದಷ್ಟು ಅಗಲದ ಹಲಗೆಯ ಮೇಲೆ ಮನೆ ಎದ್ದಿತು. ಮೇಲಿಂದ ನೋಡುವ ಹಾಗೆ ಸೂರು ಬಿಟ್ಟು ಗೋಡೆ ಮಾತ್ರ. ಪಲ್ಲಾವರಂ ಶುಕ್ರವಾರದ ಸಂತೆಯಲ್ಲಿ ಹಳೇ ಗುಂಡಿ, ಮಣಿ, ಕೆಟ್ಟ ವಾಚಿನ ಚಕ್ರ ಆರಿಸಿ ತಂದೆ. ಕೋಟಿನ ಗುಂಡಿಯಿಂದ ಗ್ಯಾಸ್ ಒಲೆ, ಔಷಧಿ ಬಾಟ್ಲಿಯ ಮುಚ್ಚಳದಿಂದ ಅಕ್ಕಿ ಡಬ್ಬ, ಮೇಘನಾಳ ರಬ್ಬರಿನಿಂದ ಒಗೆಯುವ ಕಲ್ಲು. ಪೆಟ್ಟಿಗೆಯ ಗೀರುಗೀರು ರಟ್ಟಿಗೆ ಬೆಳ್ಳಿ ಬಣ್ಣ ಹಚ್ಚಿ ಹಿಂದಿನ ಶೀಟ್ ಮಾಡಿದೆ. ನಾಗುವಿನದು ಹಸಿರು ಬಣ್ಣದ ಕಬ್ಬಿಣದ ಮಂಚ, ತಲೆ ಕಡೆ ಎತ್ತರದ ಕಂಬಿ. ಪೆಟ್ಟಿಗೆಯಲ್ಲಿದ್ದ ಮರದ ಮಂಚವನ್ನು ಕೆರೆದು, ಹೇರ್‌ಪಿನ್ ಬಗ್ಗಿಸಿ ಕಂಬಿ ಮಾಡಿ, ಹಸಿರು ಹಚ್ಚಿದೆ. ಎರಡು ಬೆಂಕಿಪೊಟ್ಟಣ ಜೋಡಿಸಿದಷ್ಟು ಉದ್ದ ಬಂತು.

ಈ ಕೆಲಸದಲ್ಲಿ ಒಂದು ಕ್ರಮವಿದೆ. ಸಾಮಾನನ್ನು ಮೊದಲೇ ಅಂಟಿಸಬಾರದು. ಇಟ್ಟು ನೋಡಿ, ಸರಿಸಿ ನೋಡಿ, ಎಲ್ಲ ಒಪ್ಪಿದ ಮೇಲೆ ಕೊನೆಗೆ ಅಂಟು. ಒಲೆ, ಬೀರು, ದೇವರ ಗೂಡು ಎಲ್ಲ ಅಂಟಿಸಿ ಆಗಿತ್ತು. ಮಂಚ ಒಂದನ್ನು ಬಿಟ್ಟಿದ್ದೆ, ಅದರ ಹಾಸಿಗೆ ಹೊಲಿಯುವುದು ಬಾಕಿ ಇತ್ತು. ರಾತ್ರಿ ಮಲಗುವ ಮುಂಚೆ ಅದನ್ನು ನಾಗುವಿನ ರೂಮಿನಲ್ಲಿ ತಲೆ ದಕ್ಷಿಣಕ್ಕೆ ಬರುವ ಹಾಗಿಟ್ಟು, ಇಡೀ ಮನೆಯ ಮೇಲೆ ಹಳೇ ಸೀರೆ ಹೊದಿಸಿ ಮಲಗಿದೆ.

ಬೆಳಿಗ್ಗೆ ಸೀರೆ ತೆಗೆದರೆ ಮಂಚ ಅಡುಗೆಮನೆಯಲ್ಲಿತ್ತು. ಒಲೆ ಕಟ್ಟೆಗೂ ಅಕ್ಕಿ ಡಬ್ಬಕ್ಕೂ ನಡುವೆ, ಗೋಡೆಗೆ ಒತ್ತಿ, ನೆಟ್ಟಗೆ. ಉರುಳಿ ಬಿದ್ದ ಹಾಗಿರಲಿಲ್ಲ, ಯಾರೋ ಅಳತೆ ನೋಡಿ ಇಟ್ಟ ಹಾಗಿತ್ತು.

ನನಗೇ ಮರೆವು ಅಂದುಕೊಂಡು ತೆಗೆದು ರೂಮಿಗೆ ಇಟ್ಟೆ. ಮಾರನೇ ದಿನವೂ ಅಡುಗೆಮನೆ. ಮೂರನೇ ದಿನ ಮೇಘನಾ ಹಲ್ಲುಜ್ಜುತ್ತಿದ್ದಾಗಲೇ ಹಿಡಿದೆ.

"ಏನೇ, ಆ ಮಂಚ ಮುಟ್ಟಿದ್ಯಾ?"

"ನಾ ತೊಡವೇ ಇಲ್ಲ ಅಜ್ಜಿ!"

"ನೀನು ಮುಟ್ಟದೆ ಅದೇನು ಕಾಲು ಬಂದು ನಡೀತಾ?"

"ಉಂಗಳುಕ್ಕು ವಯಸಾಯಿಡ್ಚು ಅಜ್ಜಿ. ನೀವೇ ಇಟ್ಟು ನೀವೇ ಮರೀತೀರಿ."

ನನಗೆ ವಯಸ್ಸಾಯಿತು ಅಂತ ಹೇಳಿದ್ದಕ್ಕೆ ನೆತ್ತಿಯ ಮೇಲೆ ಒಂದು ಬಿಟ್ಟೆ. ನಾಲ್ಕು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ಆ ನಾಲ್ಕು ದಿನವೂ ಮಂಚ ಅಡುಗೆಮನೆಗೆ ಹೋಯಿತು.

ನಾನು ಯೋಚನೆ ಮಾಡದೆ ಬಿಟ್ಟವಳಲ್ಲ. ನಮ್ಮ ಮನೆಯ ಮೇಲೆ ವಿಮಾನ ಇಳಿಯುತ್ತದೆ, ಈ ಕಡೆ ರೈಲು, ತಟ್ಟೆ ಲೋಟ ನಡುಗುವುದುಂಟು. ಆದರೆ ಗೊಂಬೆಮನೆಯ ಬಾಗಿಲಿನ ಅಗಲ ನನ್ನ ಹೆಬ್ಬೆರಳಿನಷ್ಟು. ಮಂಚದ ಅಗಲ ಅದರ ಎರಡರಷ್ಟು. ನಡುಕಕ್ಕೆ ಜಾರಿದರೂ ಬಾಗಿಲಿನಲ್ಲಿ ಸಿಕ್ಕಿಕೊಳ್ಳಬೇಕು. ಗೋಡೆಯ ಮೇಲಿಂದ ಎತ್ತಿ ಇಡದೆ ಅದು ಆ ರೂಮಿನಿಂದ ಈ ರೂಮಿಗೆ ಬರಲು ದಾರಿಯೇ ಇಲ್ಲ. ಇಲಿಯೋ ಹಲ್ಲಿಯೋ ಆದರೆ ಹೊಸ ಬಣ್ಣದ ಮೇಲೆ ಗೀರು ಬೀಳಬೇಕಿತ್ತು. ಒಂದು ರಾತ್ರಿ ಮಂಚವನ್ನು ಕರ್ಚೀಫಿನಲ್ಲಿ ಸುತ್ತಿ ನನ್ನ ದಿಂಬಿನ ಕೆಳಗಿಟ್ಟುಕೊಂಡೆ. ಬೆಳಿಗ್ಗೆ ಅಲ್ಲೇ ಇತ್ತು. ಮಾರನೇ ರಾತ್ರಿ ರೂಮಿನಲ್ಲಿಟ್ಟು, ಸೀರೆ ಹೊದಿಸಿ, ಹಲಗೆಯ ಸುತ್ತ ದಾರ ಎಳೆದು, ಕಾಜ ಕಟ್ಟುವಾಗ ಕೊನೆಗೆ ಹಾಕುವ ಗಂಟು ಹಾಕಿದೆ. ಆ ಗಂಟು ನನ್ನ ಕೈಯದು. ಬಿಚ್ಚಿ ಮತ್ತೆ ಹಾಗೇ ಹಾಕಲು ಈ ಮನೆಯಲ್ಲಿ ಯಾರಿಗೂ ಬರುವುದಿಲ್ಲ.

ಬೆಳಿಗ್ಗೆ ಗಂಟು ಹಾಕಿದ ಹಾಗೇ ಇತ್ತು. ದಾರ ಕತ್ತರಿಸಿ ಸೀರೆ ಎತ್ತಿದೆ. ಮಂಚ ಅಡುಗೆಮನೆಯಲ್ಲಿತ್ತು.

ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟು ಸೀರೆಯನ್ನು ಮತ್ತೆ ಹೊದಿಸಿದೆ. ಹೆದರಿಕೆ ಅಂತಲ್ಲ. ಲೆಕ್ಕಕ್ಕೆ ಬಾರದ ಒಂದು ವಸ್ತು ಮನೆಯಲ್ಲಿದೆ ಅನ್ನಿಸಿತು, ಅದು ನನಗೆ ಹಿಡಿಸಲಿಲ್ಲ. ಆ ಭಾನುವಾರ ನಾಗುವಿಗೆ ಫೋನ್ ಮಾಡಿದಾಗ ಮಾತಿನ ಮಧ್ಯೆ ಕೇಳಿಯೇಬಿಟ್ಟೆ. "ನಾಗೂ, ಎಲ್ಲಿ ಮಲಗ್ತಿದ್ದೀಯ ಈಗ?"

"ಇದೇನಕ್ಕ ಇಂಥ ಮಾತು ಕೇಳ್ತೀಯ? ನನ್ನ ಮಂಚದ ಮೇಲೆ. ಇನ್ನೆಲ್ಲಿ ಮಲಗಲಿ, ರಾಜನ ಪಲ್ಲಂಗದ ಮೇಲಾ?" ಅಂತ ನಕ್ಕಳು. ಬಾಯಿ ಸ್ವಲ್ಪ ಸೊಟ್ಟಗಾಗಿತ್ತಲ್ಲ, ನಗು ತೊದಲು ತೊದಲಾಗಿ ಬಂತು.

ನಕ್ಕದ್ದನ್ನು ಕೇಳಿಯೂ ಸಮಾಧಾನವಾಗಲಿಲ್ಲ. ಹೋಗಿ ನೋಡಿಕೊಂಡು ಬಂದರೆ ಈ ಹುಚ್ಚು ಬಿಡುತ್ತದೆ ಅಂತ ಹೊರಟೆ. ಆದರೆ ಸೊಸೆ ಆಳುವ ಮನೆಗೆ ಹೇಳದೆ ಹೋಗಬಾರದು ಅನ್ನುವುದು ನಮ್ಮಲ್ಲಿ ಮರ್ಯಾದೆ. ತಂಗಿಯ ಮನೆಯೇ ಆದರೂ ಅಡುಗೆಯ ಕೈ ಈಗ ಸೊಸೆಯದು. ಇದ್ದಕ್ಕಿದ್ದಂತೆ ಹೋಗಿ ನಿಂತರೆ ಅನ್ನ ಸಾಲದೆ ಅವಳಿಗೆ ಅವಮಾನ. ಹಾಗಾಗಿ ಹಿಂದಿನ ದಿನವೇ ಕವಿತಾಗೆ, ಅಂದರೆ ನಾಗುವಿನ ಸೊಸೆಗೆ, ಫೋನ್ ಮಾಡಿ ನಾಳೆ ಬರುತ್ತೇನೆ ಅಂತ ಹೇಳಿದೆ. "ಬನ್ನಿ ದೊಡ್ಡತ್ತೆ, ಊಟಕ್ಕೇ ಬನ್ನಿ" ಅಂದಳು. ನನ್ನ ಜನ್ಮದಲ್ಲಿ ಮಾಡಿದ ತಪ್ಪುಗಳಲ್ಲಿ ದೊಡ್ಡದು ಆ ಫೋನು.

ಹೋದೆ. ನಾಗು ತನ್ನ ರೂಮಿನಲ್ಲಿ, ತನ್ನ ಹಸಿರು ಮಂಚದ ಮೇಲೆ, ಒಗೆದ ಹಾಸಿನ ಮೇಲೆ ಮಲಗಿದ್ದಳು. ತಲೆ ಬಾಚಿ ಪೌಡರ್ ಹಚ್ಚಿದ್ದರು. ಸೊರಗಿದ್ದಳು, ಕಾಯಿಲೆಯವಳು ಸೊರಗದೆ ಇರುತ್ತಾಳಾ ಅಂದುಕೊಂಡೆ. ಕವಿತಾ ಅವಿಯಲು, ಹಪ್ಪಳ, ಪಾಯಸ ಎಲ್ಲ ಮಾಡಿದ್ದಳು. ನನಗೆ ಎರಡು ವಿಷಯ ಕಣ್ಣಿಗೆ ಬಿತ್ತು, ಬಚ್ಚಿಡದೆ ಹೇಳುತ್ತೇನೆ. ಒಂದು, ಮಂಚದ ತಲೆ ಉತ್ತರಕ್ಕಿತ್ತು. ನಾಗು ಆಸ್ಪತ್ರೆಯಲ್ಲೂ ಜಗಳ ಆಡಿ ಮಂಚ ತಿರುಗಿಸಿಕೊಂಡವಳು, ಉತ್ತರಕ್ಕೆ ತಲೆಯಿಟ್ಟು ಎಂದೂ ಮಲಗಿದವಳಲ್ಲ. ಇನ್ನೊಂದು, ಅವಳನ್ನು ಎತ್ತಿ ಕೂರಿಸಲು ಬಗ್ಗಿದಾಗ ಅವಳ ಕೂದಲಿನಿಂದ, ದಿಂಬಿನಿಂದ ಒಗ್ಗರಣೆಯ ಕಮಟು ಬಂತು. ಪೌಡರಿನ ವಾಸನೆಯ ಕೆಳಗೆ ಕರಿದ ಎಣ್ಣೆಯ ವಾಸನೆ.

"ತಲೆ ಯಾಕೆ ಉತ್ತರಕ್ಕೆ ಹಾಕಿದ್ದೀರ?" ಅಂತ ಕೇಳಿದೆ.

ಕವಿತಾ ಬಾಗಿಲಲ್ಲೇ ನಿಂತಿದ್ದಳು. ನಾಗು ಅವಳ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. "ಫ್ಯಾನ್ ಗಾಳಿ ಈ ಕಡೆ ಚೆನ್ನಾಗಿ ಬರುತ್ತೆ ಕಣಕ್ಕ. ಸಾಯೋ ವಯಸ್ಸಲ್ಲಿ ಉತ್ತರ ಏನು, ದಕ್ಷಿಣ ಏನು" ಅಂದಳು. ನನ್ನ ಸೆರಗು ಹಿಡಿದುಕೊಂಡಿದ್ದಳು, ಚಿಕ್ಕಂದಿನಲ್ಲಿ ಸಂತೆಯಲ್ಲಿ ಹಿಡಿಯುತ್ತಿದ್ದ ಹಾಗೆ. ಹೊರಡುವಾಗ ಬಿಡಿಸಿಕೊಳ್ಳಬೇಕಾಯಿತು. "ಇನ್ನೊಂದು ಸ್ವಲ್ಪ ಇರಕ್ಕ" ಅಂದಳು. ರೈಲು ತುಂಬಿಬಿಡುತ್ತದೆ ಅಂತ ಹೊರಟುಬಂದೆ.

ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ. ಕಣ್ಣಾರೆ ನೋಡಿದೆಯಲ್ಲ, ಮಂಚ ರೂಮಿನಲ್ಲೇ ಇದೆಯಲ್ಲ, ಮುದುಕಿಗೆ ಗೊಂಬೆಯಾಟ ಆಡಿ ತಲೆ ಕೆಟ್ಟಿದೆ ಅಂತ. ಮನೆಗೆ ಬಂದು ಮೇಘನಾಳಿಗೆ ಬಾಳೆಹಣ್ಣಿನ ಬಜ್ಜಿ ಮಾಡಿಕೊಟ್ಟು ರಾಜಿಯಾದೆ. ಮಂಚವನ್ನು ರೂಮಿನಲ್ಲಿಟ್ಟು ಸೀರೆ ಹೊದಿಸಿದೆ. ಎರಡು ದಿನ ಅದು ಅಲುಗಲಿಲ್ಲ.

ಮೂರನೇ ದಿನ ಬೆಳಿಗ್ಗೆ ರೂಮಿನಲ್ಲೂ ಇರಲಿಲ್ಲ, ಅಡುಗೆಮನೆಯಲ್ಲೂ ಇರಲಿಲ್ಲ. ಹುಡುಕಿದೆ. ಹಿಂದೆ, ಬೆಳ್ಳಿ ಬಣ್ಣದ ಶೀಟಿನ ಕೆಳಗೆ, ಒಗೆಯುವ ಕಲ್ಲಿನ ಪಕ್ಕದಲ್ಲಿ ಇತ್ತು. ಆ ಶೀಟನ್ನು ನಾನು ಗೋಡೆಗೆ ತಗ್ಗಾಗಿ ಅಂಟಿಸಿದ್ದೆ. ಚಿಮಟ ಹಾಕಿ ಓರೆ ಮಾಡಿ ಎಳೆದರಷ್ಟೇ ಮಂಚ ಈಚೆಗೆ ಬಂತು.

ನನಗೆ ಬಂದದ್ದು ಸಿಟ್ಟು. ನಾನು ಅಷ್ಟು ದೂರ ಹೋಗಿ, ಮಂಡಿ ನೋಯಿಸಿಕೊಂಡು, ನೋಡಿ ಬಂದಿದ್ದೇನೆ, ಇನ್ನೂ ನನ್ನನ್ನು ಆಡಿಸುತ್ತೀಯಾ ಅಂತ. ಯಾರ ಮೇಲೆ ಆ ಸಿಟ್ಟು ಅಂತ ನನಗೂ ಗೊತ್ತಿರಲಿಲ್ಲ. ಹಾಸಿಗೆ ಹೊಲಿದು ಮುಗಿದಿರಲಿಲ್ಲ, ಆದರೂ ಕಾಯಲಿಲ್ಲ. ಗಟ್ಟಿ ಅಂಟಿನ ಟ್ಯೂಬು ತೆಗೆದು ನಾಲ್ಕು ಕಾಲಿಗೂ ಧಾರಾಳವಾಗಿ ಹಾಕಿ, ಮಂಚವನ್ನು ನಾಗುವಿನ ರೂಮಿನ ನೆಲಕ್ಕೆ ಒತ್ತಿ, ನೂರು ಎಣಿಸುವ ತನಕ ಹಿಡಿದುಕೊಂಡೆ. ಆಮೇಲೆ ಅದು ಎಲ್ಲಿಗೂ ಹೋಗಲಿಲ್ಲ. ದಿನಾ ಬೆಳಿಗ್ಗೆ ಸೀರೆ ತೆಗೆದು ನೋಡಿ, ಹಾಗೆ ಬಾ ದಾರಿಗೆ ಅಂದುಕೊಳ್ಳುತ್ತಿದ್ದೆ.

ಆ ನಂತರದ ಎರಡು ಭಾನುವಾರ ಫೋನ್ ಕವಿತಾಳೇ ಎತ್ತಿದಳು. ಅತ್ತೆ ಮಲಗಿದ್ದಾರೆ, ಎದ್ದ ಮೇಲೆ ಮಾಡಿಸುತ್ತೇನೆ ಅಂದಳು. ಮಾಡಿಸಲಿಲ್ಲ. ನಾನೂ ಮತ್ತೆ ಮಾಡಲಿಲ್ಲ. ಅದು ಮೇ ತಿಂಗಳು, ಇಲ್ಲಿಯವರು ಕತ್ತರಿ ಅನ್ನುವ ಬಿಸಿಲು. ಮಧ್ಯಾಹ್ನ ಹನ್ನೆರಡಕ್ಕೆ ನಲ್ಲಿ ನೀರು ಮುಟ್ಟಿದರೆ ಕೈ ಸುಡುತ್ತಿತ್ತು. ಮೂರನೇ ವಾರ ಒಂದು ಸಾಯಂಕಾಲ ನಾಗುವಿನ ಮಗ ಸುರೇಶ ಫೋನ್ ಮಾಡಿದ. "ದೊಡ್ಡಮ್ಮ, ಅಮ್ಮ ಹೋಗಿಬಿಟ್ರು."

ನಾವು ಹೋಗುವಷ್ಟರಲ್ಲಿ ಮನೆ ಮುಂದೆ ಪೆಂಡಾಲು ಹಾಕಿ, ಐಸ್ ಪೆಟ್ಟಿಗೆಯಲ್ಲಿ ಅವಳನ್ನು ಮಲಗಿಸಿದ್ದರು. ಗಾಜಿಗೆ ನೀರು ಹತ್ತಿ ಮುಖ ಸರಿಯಾಗಿ ಕಾಣಲಿಲ್ಲ. ಸೆರಗಿನಿಂದ ಒರೆಸಿ ನೋಡಿದೆ. ಅಳು ಬರಲಿಲ್ಲ. ಕಾಲು ತೊಳೆಯಲು ಮನೆಯೊಳಗಿಂದ ಹಾದು ಹಿಂದಕ್ಕೆ ಹೋದೆ.

ಶೀಟಿನ ಕೆಳಗೆ ಕಾಲಿಟ್ಟರೆ ತಲೆಯ ಮೇಲೆ ಬಾಣಲೆ ಕವುಚಿದ ಹಾಗೆ ಬಿಸಿ. ಹೊತ್ತು ಮುಳುಗಿದ್ದರೂ ತಗಡು ಆರಿರಲಿಲ್ಲ. ಒಗೆಯುವ ಕಲ್ಲಿನ ಪಕ್ಕದಲ್ಲಿ ಹಸಿರು ಮಂಚವನ್ನು ತೊಳೆದು ಗೋಡೆಗೆ ನಿಲ್ಲಿಸಿದ್ದರು, ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಹೆಣ ಎತ್ತಿದ ಮಂಚ ಹೊರಗೆ ತಂದು ತೊಳೆಯುವುದು ಇದ್ದದ್ದೇ. ಆದರೆ ಗೋಡೆಯಲ್ಲಿ, ಮಲಗಿದವಳ ಬಲಗೈಗೆ ಎಟುಕುವ ಎತ್ತರದಲ್ಲಿ, ಒಂದು ಮೊಳೆ ಹೊಡೆದಿತ್ತು. ಅದರಲ್ಲಿ ನಾಗುವಿನ ಎಲೆಅಡಿಕೆ ಚೀಲ ನೇತಾಡುತ್ತಿತ್ತು. ಮೊಳೆಯ ಪಕ್ಕದಲ್ಲಿ ಅವಳು ಎಲೆಗೆ ಹಚ್ಚಿ ಮಿಕ್ಕ ಸುಣ್ಣ ಒರೆಸಿದ ಬೆರಳಿನ ಗುರುತು. ಒಂದೆರಡಲ್ಲ. ಎಷ್ಟೋ ದಿನದ್ದು, ಒಂದರ ಮೇಲೊಂದು.

ಅಡುಗೆಮನೆಗೆ ಬಂದು ನೆಲ ನೋಡಿದೆ. ಅಕ್ಕಿ ಡಬ್ಬ ಸರಿಸಿದೆ. ಒಲೆ ಕಟ್ಟೆಯ ಪಕ್ಕದಲ್ಲಿ, ಗೋಡೆಗೆ ಒತ್ತಿದ ಹಾಗೆ, ನಾಲ್ಕು ಮೂಲೆಗೆ ನಾಲ್ಕು ತುಕ್ಕಿನ ಉಂಗುರ.

ಪಕ್ಕದ ಮನೆಯ ಮೀನು ಮಾರುವವಳು ಹಿಂದಿನ ಗೋಡೆಯಾಚೆ ನಿಂತಿದ್ದಳು. ನಾನು ಕೇಳದೆಯೇ ತಮಿಳಿನಲ್ಲಿ ಹೇಳಿದಳು, ಆಸ್ಪತ್ರೆಯಿಂದ ಬಂದ ಹದಿನೈದು ದಿನಕ್ಕೆ ಅಮ್ಮನನ್ನು ಅಡುಗೆಮನೆಗೆ ಹಾಕಿದರು, ನೀವು ಬಂದ ದಿನ ಬೆಳಿಗ್ಗೆ ಗಂಡ ಹೆಂಡತಿ ಸೇರಿ ಮಂಚ ರೂಮಿಗೆ ಎತ್ತಿದರು, ನೀವು ಹೋದ ಎರಡು ದಿನಕ್ಕೆ ಇಲ್ಲಿ ಶೀಟಿನ ಕೆಳಗೆ ತಂದರು. ಅಕ್ಕನಿಗೆ ಫೋನಿನಲ್ಲಿ ಚಾಡಿ ಹೇಳಿ ಕರೆಸಿಕೊಂಡೆ ಅಂತ ಸೊಸೆ ಕೂಗಾಡಿದ್ದು ಬೀದಿಗೇ ಕೇಳಿಸಿತು ಅಂದಳು. ಫೋನನ್ನೂ ಆವತ್ತೇ ಕಿತ್ತುಕೊಂಡರಂತೆ. "ಮಧ್ಯಾಹ್ನ ನೀರು ಕೇಳೋರು. ನಾನಿದ್ರೆ ಗೋಡೆ ಮೇಲಿಂದ ಕೊಡ್ತಿದ್ದೆ. ನಾನೂ ದಿನಾ ಇರಲ್ವಲ್ಲಮ್ಮ" ಅಂತ ಕಣ್ಣೊರೆಸಿಕೊಂಡಳು.

ನಾನು ಸುರೇಶನನ್ನು ಹಿಡಿದು ಒಂದು ಕಡೆ ನಿಲ್ಲಿಸಿದೆ. ಅವನು ನಾನು ಎತ್ತಿ ಆಡಿಸಿದ ಮಗು.

"ಯಾಕೋ?"

"ಬಾತ್‌ರೂಮು ಹತ್ತಿರ ಆಗುತ್ತೆ ಅಂತ ದೊಡ್ಡಮ್ಮ. ದೊಡ್ಡವನಿಗೆ ಟೆಂತು, ಓದೋಕೆ ರೂಮು ಬೇಕಿತ್ತು. ಅಮ್ಮನೂ ಒಪ್ಪಿದ್ರು."

"ಹತ್ತಿರ ಆಗೋದಾದ್ರೆ ನಿನ್ನ ಮಂಚ ಹಾಕ್ಕೊಬೇಕಿತ್ತು ಅಲ್ಲಿ."

ಕವಿತಾ ಬಂದವರ ಎದುರಿಗೆ ಜೋರಾಗಿ ಅಳುತ್ತಿದ್ದಳು. ಅದು ಪೂರ್ತಿ ನಾಟಕ ಅಂತಲೂ ನಾನು ಹೇಳಲಾರೆ. ಎರಡು ಮಕ್ಕಳು, ಮೂರು ರೂಮು, ಹಾಸಿಗೆ ಹಿಡಿದ ಅತ್ತೆ. ನಾನು ಆ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದೆ ಅಂತ ಎದೆ ಮುಟ್ಟಿ ಹೇಳಲು ನನಗೂ ಧೈರ್ಯವಿಲ್ಲ. ಆದರೆ ಅವಳ ಜೊತೆ ಅವತ್ತಿನಿಂದ ಮಾತಿಲ್ಲ.

ಮನೆಗೆ ಬಂದು ಸ್ನಾನ ಮಾಡಿ, ಒದ್ದೆ ಕೂದಲಲ್ಲೇ ಗೊಂಬೆಮನೆಯ ಮುಂದೆ ಕೂತೆ. ಮಂಚ ರೂಮಿನಲ್ಲಿ ಗಟ್ಟಿಯಾಗಿ ನಿಂತಿತ್ತು. ಚಾಕು ಹಾಕಿ ಎಬ್ಬಿಸಿದೆ. ಅಂಟು ಎಂಥದ್ದೆಂದರೆ ಒಂದು ಕಾಲು ಮುರಿಯಿತು, ನೆಲಕ್ಕೆ ಹಾಕಿದ್ದ ಕಾಗದವೂ ಕಿತ್ತು ಬಂತು. ಮೇಘನಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳನ್ನು ಕೂರಿಸಿಕೊಂಡು ಇನ್ನೊಮ್ಮೆ ಕೇಳಿದೆ, ಈ ಸಲ ಸಿಟ್ಟಿಲ್ಲದೆ. ನೀನು ಮುಟ್ಟಿದ್ದರೂ ಬೈಯುವುದಿಲ್ಲ, ನಿಜ ಹೇಳು, ನನಗೆ ಅದರಿಂದ ಉಪಕಾರವಾಗುತ್ತದೆ ಅಂದೆ. ಹುಡುಗಿ ಅಳುತ್ತ, ತಮಿಳು ಬಿಟ್ಟು ಕನ್ನಡದಲ್ಲೇ, "ಇಲ್ಲ ಅಜ್ಜಿ, ದೇವರಾಣೆ ಇಲ್ಲ" ಅಂದಳು. ಅವಳೇ ಮುಟ್ಟಿದ್ದಳು ಅಂತ ಇಟ್ಟುಕೊಂಡರೂ ಎಣ್ಣೂರಿನಲ್ಲಿ ಯಾವ ದಿನ ಮಂಚ ಎಲ್ಲಿಗೆ ಹೋಯಿತು ಅಂತ ಅವಳಿಗೆ ಹೇಗೆ ಗೊತ್ತಾಗಬೇಕು?

ನಾನೇ ನಿದ್ದೆಯಲ್ಲಿ ಎದ್ದು ಇಟ್ಟೆನೋ ಅಂತ ಯೋಚಿಸಿದ್ದುಂಟು. ಹಾಗಾದರೆ ಗಂಟು? ಹೋಗಲಿ, ಗಂಟನ್ನೂ ನಾನೇ ಬಿಚ್ಚಿ ಕಟ್ಟಿದೆ ಅನ್ನಿ. ನನಗೆ ಮಾತ್ರ ಹೇಗೆ ಗೊತ್ತಿತ್ತು? ನಾಗುವೇ ಹೇಳಿಸಿದಳು ಅಂದರೆ, ಅವಳಿಗೆ ಬಾಯಿತ್ತು, ಮೊದಲು ಫೋನೂ ಇತ್ತು, ಮುಂದೆ ಕೂತು ಕೇಳಿದಾಗಲೂ ಫ್ಯಾನ್ ಗಾಳಿ ಅಂದಳು. ಮಗನ ಮರ್ಯಾದೆ ಹೊಸಿಲು ದಾಟಬಾರದು ಅಂತ ಅಷ್ಟು ಗಟ್ಟಿಯಾಗಿ ಬಾಯಿ ಮುಚ್ಚಿಕೊಂಡವಳು ಮಂಚದ ಕೈಯಲ್ಲಿ ಹೇಳಿಸುತ್ತಾಳಾ? ದೇವರು ಅಂತೀರಾ? ಹೇಳಬೇಕಿದ್ದರೆ ನಂಬುವವರಿಗೆ ಹೇಳಬೇಕಿತ್ತು, ಅಂಥವರು ಈ ಊರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಒಬ್ಬರು ನನಗೆ ಪರಿಹಾರ ಪೂಜೆ ಮಾಡಿಸಿ ಅಂದರು. ಯಾವುದಕ್ಕೆ ಪರಿಹಾರ ಅಂತ ಕೇಳಿದೆ. ಅವರಿಗೂ ಗೊತ್ತಿರಲಿಲ್ಲ.

ಮಗ ಆ ಗೊಂಬೆಮನೆಯನ್ನು ಬಿಸಾಡೋಣ ಅಂದ. ಬೇಡ ಅಂದೆ. ಮಂಚದ ಮುರಿದ ಕಾಲಿಗೆ ಬೆಂಕಿಕಡ್ಡಿ ಕೊಟ್ಟು, ಅಂಟು ಹಾಕದೆ, ರೂಮಿನಲ್ಲಿ ಬಿಡಿಯಾಗಿ ಇಟ್ಟಿದ್ದೇನೆ. ನನಗೆ ಒಬ್ಬ ಅಣ್ಣನಿದ್ದಾನೆ, ಅತ್ತಿಗೆಯಿದ್ದಾಳೆ, ಇನ್ನೂ ಎಷ್ಟೋ ಜನ ನನ್ನವರು ಯಾರ್ಯಾರದೋ ಮನೆಯಲ್ಲಿ ಮಲಗಿದ್ದಾರೆ. ಈಗ ಯಾರ ಮನೆಗೆ ಹೋದರೂ ನಾನು ಫೋನ್ ಮಾಡಿ ಹೋಗುವುದಿಲ್ಲ. ಮರ್ಯಾದೆ ಗೊತ್ತಿಲ್ಲದ ಮುದುಕಿ ಅಂತ ಅನ್ನಿಸಿಕೊಂಡಿದ್ದೇನೆ.

ದಿನಾ ಬೆಳಿಗ್ಗೆ ಎದ್ದ ಕೂಡಲೇ, ಡಿಕಾಕ್ಷನ್ ಇಳಿಯುವುದರೊಳಗೆ, ಹೋಗಿ ಸೀರೆ ಎತ್ತಿ ನೋಡುತ್ತೇನೆ. ಮೂರು ವರ್ಷವಾಯಿತು. ಮಂಚ ಒಂದು ಕೂದಲಿನಷ್ಟೂ ಅಲುಗಿಲ್ಲ.